ಎರಡನೇ ಬ್ರೇಕು

ಸಿಗ್ನಲ್ಲಿನಲ್ಲಿ ನಿಂತಿದ್ದ ಬಸ್ಸಿನ ಮರೆಯಿಂದ ಆ ಪುಟ್ಟ ಹಳದಿ ಕಾರು ಮೂತಿ ಹೊರಗೆ ಹಾಕಿದ್ದೇ ತಡ, ಬ್ರೇಕ್ ಮೇಡಂ ಪಕ್ಕದಲ್ಲಿ ಕಾರು ಓಡಿಸುತ್ತಿದ್ದ ತಮ್ಮನ ತೊಡೆಗೆ ಪಟ್ಟನೆ ಹೊಡೆದರು.

"ಏ, ನೋಡೋ! ನಮ್ಮ ಡಬ್ಬಿ!"

"ಸ್ಟೇರಿಂಗ್ ಹಿಡಿದಿರೋವಾಗ ಹೊಡೀಬೇಡ ಅಕ್ಕ. ಅಂಥ ಡಬ್ಬಿಗಳು ಊರು ತುಂಬ ಇವೆ."

"ಎಲ್ಲಿವೆ ತೋರಿಸು! ಹಿಂದೆ ಎಂಜಿನ್ನು, ಎರಡೇ ಬಾಗಿಲು, ಕಪ್ಪೆಕಣ್ಣಿನಂಥ ಲೈಟು. ಇಂಥದ್ದೊಂದು ಕಣ್ಣಿಗೆ ಬಿದ್ದು ಮೂರು ವರ್ಷ ಆಯ್ತು. ಹೋಗು ಅದರ ಹಿಂದೆ!"

ಮೇಡಂ ಮೂವತ್ತೊಂದು ವರ್ಷ ಡ್ರೈವಿಂಗ್ ಶಾಲೆ ನಡೆಸಿದವರು. ಶಾಲೆಗೆ ಇದ್ದದ್ದು ಒಂದೇ ಕಾರು, ಹಳದಿ ಡಬ್ಬಿ. ಎತ್ತರದವರು ಕಲಿಯಲು ಬಂದರೆ ಮೊಣಕಾಲು ಗದ್ದಕ್ಕೆ ತಾಗುವಷ್ಟು ಚಿಕ್ಕದು. ಕಲಿಸುವವರ ಕಾಲ ಬುಡದಲ್ಲಿ ಎರಡನೇ ಬ್ರೇಕೊಂದನ್ನು ಕೂರಿಸಿದ್ದರು. ಆ ಪೆಡಲಿನಿಂದ ಮೇಡಂ ಉಳಿಸಿದ್ದು ಎರಡು ಕಾಂಪೌಂಡು ಗೋಡೆ, ಒಂದು ಕ್ಷೌರದಂಗಡಿ, ಲೆಕ್ಕವಿಲ್ಲದಷ್ಟು ಸೈಕಲ್ ಸವಾರರು. ಅಡ್ಡಹೆಸರು ಬಂದದ್ದೂ ಅದರಿಂದಲೇ. ಶಾಲೆ ಮುಚ್ಚಿದಾಗ ಕಾರು ಕೈಬಿಟ್ಟು ಹೋಯಿತು. ಹೋದ ವರ್ಷ ಕಣ್ಣು ಮಂಜಾಗಿ ಲೈಸೆನ್ಸೂ ಹೋಯಿತು. ಅಂದಿನಿಂದ ತಮ್ಮನ ಪಕ್ಕದಲ್ಲಿ ಕೈಕಟ್ಟಿ ಕೂರುವುದೇ ಪಾಡು.

ಆ ತಮ್ಮನಾದರೋ ಅವರ ಶಿಷ್ಯರಲ್ಲೆಲ್ಲ ಹೇಳಿಕೊಟ್ಟ ಒಂದಕ್ಷರವನ್ನೂ ಮರೆಯದವನು. ಹಸಿರು ದೀಪ ಬಿತ್ತು. ಅವನು ಕನ್ನಡಿ ನೋಡಿದ, ಇಂಡಿಕೇಟರ್ ಹಾಕಿದ, ಮತ್ತೊಮ್ಮೆ ಕನ್ನಡಿ ನೋಡಿದ. ಡಬ್ಬಿ ಆಗಲೇ ನಾಲ್ಕು ಕಾರಿನಷ್ಟು ಮುಂದಿತ್ತು.

"ಬೇಗ ಹೋಗೋ!"

"ಇಲ್ಲಿ ಮೂವತ್ತರ ಮಿತಿ."

ಮುಂದಿನ ದೀಪ ಹಳದಿಯಾಯಿತು. ದಾಟಲು ಧಾರಾಳ ಜಾಗವಿತ್ತು. ತಮ್ಮ ಮೆತ್ತಗೆ ನಿಲ್ಲಿಸಿದ.

"ಯಾಕೋ ನಿಲ್ಲಿಸಿದೆ?"

"ಹಳದಿ ಅಂದ್ರೆ ನಿಲ್ಲು ಅಂತ ಯಾರು ಹೇಳಿಕೊಟ್ಟಿದ್ದು? ಒಂದ್ಸಲ ದಾಟಿದ್ದಕ್ಕೆ ತಲೆ ಮೇಲೆ ಮೊಟಕಿದ್ಯಲ್ಲ!"

ಮೇಡಂಗೆ ತಾವೇ ತೋಡಿದ ಹಳ್ಳಕ್ಕೆ ತಾವೇ ಬಿದ್ದ ಹಾಗಾಯಿತು. ಹಲ್ಲು ಕಚ್ಚಿ ಕೂತರು. ಅಜ್ಜಿಯೊಬ್ಬರು ರಸ್ತೆ ದಾಟಿದರು, ಬಿದ್ದ ಛತ್ರಿ ಎತ್ತಿಕೊಳ್ಳಲು ಅರ್ಧ ದಾರಿ ವಾಪಸು ಬಂದರು. ತಮ್ಮ ಕೈಬೀಸಿ ನಿಧಾನವಾಗಿ ಹೋಗಿ ಎಂದು ಸನ್ನೆ ಮಾಡಿದ. ಡಬ್ಬಿ ಎತ್ತಲೋ ಮಾಯವಾಗಿತ್ತು.

ಬಡಾವಣೆಯ ಬೀದಿಗಳನ್ನೆಲ್ಲ ಸುತ್ತಿದರು. "ಅಕ್ಕ, ಅದು ನಮ್ಮದಲ್ಲ. ನಮ್ಮದು ಇನ್ನೂ ತಿಳಿ ಬಣ್ಣ," ಎಂದು ತಮ್ಮ ಬೀದಿಗೊಂದು ಸಲ ರಾಗ ಎಳೆದ. ಐದನೇ ಬೀದಿಯಲ್ಲಿ, ಬಣ್ಣದಂಗಡಿಯ ಮುಂದೆ, ಡಬ್ಬಿ ನಿಂತಿತ್ತು.

ಮೇಡಂ ಇಳಿದವರೇ ಎಡ ಬಾಗಿಲಿನ ಹಿಡಿ ಮುಟ್ಟಿದರು. ಬಲಗಡೆಯದು ಚಪ್ಪಟೆ, ಇದು ಉಬ್ಬಿದ್ದು. ಹಿಂದೊಮ್ಮೆ ಕಲಿಯಲು ಬಂದ ಹೆಡ್ ಕ್ಲರ್ಕೊಬ್ಬರು ಕಾರನ್ನು ನೀರಿನ ತೊಟ್ಟಿಗೆ ಉಜ್ಜಿ ಹಿಡಿ ಮುರಿದಾಗ, ಬೇರೆ ಕಾರಿನ ಹಿಡಿಯನ್ನು ಮೇಡಂ ತಾವೇ ತಿರುಪು ಬಿಗಿದು ಕೂರಿಸಿದ್ದರು. ಸಂಶಯವೇ ಇಲ್ಲ, ಇದು ಅವರದೇ ಡಬ್ಬಿ.

ಅಂಗಡಿಯಿಂದ ಹಲ್ಲಿನ ಡಾಕ್ಟರೊಬ್ಬಳು ಬಣ್ಣದ ಡಬ್ಬ ಹಿಡಿದು ಬಂದಳು. ಮೂವತ್ತು ದಾಟಿರದ ಹುಡುಗಿ. ವಿಷಯ ಕೇಳಿ ಕಣ್ಣರಳಿಸಿದಳು. "ನಿಮ್ಮದಾ? ಗುಜರಿಯಲ್ಲಿ ಸಿಕ್ತು ಆಂಟಿ. ಪೂರ್ತಿ ಹೊಸದು ಮಾಡಿಸಿದೀನಿ. ಈಗ ಬ್ಯಾಟರಿ ಮೇಲೆ ಓಡುತ್ತೆ. ಕೂತ್ಕೊಳ್ಳಿ, ಒಂದು ರೌಂಡ್ ಹೋಗೋಣ."

ಮೇಡಂ ತಮ್ಮ ಹಳೆಯ ಜಾಗದಲ್ಲಿ ಕೂತರು. ಗುಡುಗುಟ್ಟಬೇಕಿದ್ದ ಕಾರು ಫ್ರಿಜ್ಜಿನ ಹಾಗೆ ಗುಂಯ್ಯೆಂದಿತು. ಬಲಗಾಲಿನಲ್ಲಿ ತಡಕಿದರು. ಬರೀ ಮೆತ್ತನೆಯ ಹಾಸು.

"ಇಲ್ಲೊಂದು ಪೆಡಲ್ ಇತ್ತು."

"ಓ, ಅದಾ? ಏನೋ ಕಡ್ಡಿ ಅಂತ ಮೆಕ್ಯಾನಿಕ್ ಕಿತ್ತು ಬಿಸಾಕಿದ."

ಮೇಡಂ ಬಗ್ಗಿ ಹಾಸನ್ನು ತಡವಿ ನೋಡಿದರು. ಅಷ್ಟರಲ್ಲಿ ತಿರುವು ಬಂತು. ಹುಡುಗಿ ಹಾರ್ನಿಲ್ಲ, ಕನ್ನಡಿಯಿಲ್ಲ, ಒಂದೇ ಕೈಯಲ್ಲಿ ಅಗಲವಾಗಿ ತಿರುಗಿಸಿದಳು. ಎದುರಿಗೆ ಸೈಕಲ್ಲು. ಮೇಡಂ ಕಾಲು ಹಾಸಿನ ಮೇಲೆ ದಡ್ಡನೆ ಒತ್ತಿತು, ಕಾರು ನಿಲ್ಲಲಿಲ್ಲ. ಸೈಕಲ್ಲಿನವನೇ ಪಕ್ಕಕ್ಕೆ ಸರಿದು ಬಚಾವಾದ.

"ಬ್ರೇಕ್! ತಿರುವಿನಲ್ಲಿ ಹೀಗೇನಮ್ಮ ಓಡಿಸೋದು? ನಿನಗೆ ಕಲಿಸಿದ್ದು ಯಾರು?"

"ರಿಲ್ಯಾಕ್ಸ್ ಆಂಟಿ!" ಹುಡುಗಿ ನಕ್ಕಳು. "ಏನೂ ಆಗ್ಲಿಲ್ವಲ್ಲ."

ಮೇಡಂ ಇನ್ನೂ ಎರಡು ಸಲ ಹೇಳಿ ನೋಡಿದರು. ಹುಡುಗಿ ಹೂಂಗುಟ್ಟುತ್ತ ಹಾಡಿನ ಸದ್ದು ಜೋರು ಮಾಡಿದಳು. ಸುತ್ತು ಮುಗಿದು ಮೇಡಂ ಅಂಗಡಿಯ ಮುಂದೆ ಇಳಿದರು. ಹುಡುಗಿಯೇನೋ ಒಳ್ಳೆಯವಳೇ, ಜೊತೆಗೊಂದು ಫೋಟೋ ತೆಗೆಸಿಕೊಂಡಳು, ಮತ್ತೆ ಬನ್ನಿ ಎಂದಳು. ಅವಳು ಇಷ್ಟು ಮುದ್ದಾಗಿ ನಡೆದುಕೊಂಡದ್ದಕ್ಕೆ ಬೈಯುವ ದಾರಿಯೂ ಕಟ್ಟಿಹೋಯಿತು.

ತಮ್ಮ ಸೀಟುಬೆಲ್ಟು ಹಾಕಿಕೊಂಡೇ ಕಾಯುತ್ತಿದ್ದ. "ಏನಂತೆ? ನಮ್ಮದೇನಾ?"

ಮೇಡಂ ಕಿಟಕಿಯ ಕಡೆ ತಿರುಗಿದರು. ಹೌದೆಂದರೆ ಎಂಜಿನ್ನು ಹೋದದ್ದು, ಪೆಡಲು ಹೋದದ್ದು, ಆ ತಿರುವು, ಎಲ್ಲ ಬಾಯಿಬಿಟ್ಟು ಹೇಳಬೇಕು.

"ಅಲ್ಲ."

"ನೋಡಿದ್ಯಾ? ನಾನು ಮೊದಲೇ ಹೇಳಲಿಲ್ವಾ, ಬಣ್ಣ ಬೇರೆ ಅಂತ!"

ಮನೆ ಮುಟ್ಟುವವರೆಗೂ ಅವನು ಅದನ್ನೇ ಹೇಳಿದ. ಮನೆಯಲ್ಲಿ ಹೆಂಡತಿಗೆ ಹೇಳಿದ, ಫೋನಿನಲ್ಲಿ ಭಾವಮೈದನಿಗೂ ಹೇಳಿದ. ಒಳಗೊಳಗೇ ಕುದಿಯುತ್ತ ಮೇಡಂ ಪ್ರತಿ ಸಲವೂ ಹೌದೆಂದು ತಲೆಯಾಡಿಸಿದರು.