ಬಪ್ಪ ವರ್ಷದ ಚಕ್ಲಿ

"ಬಪ್ಪ ವರ್ಷ ನಿಂಗೆ ಕೈಚಕ್ಲಿ ಸುತ್ತದು ಕಲಿಸ್ತೆ ತಂಗೀ. ಗಣಪತಿ ಎದ್ರಿಗೇ ಹೇಳಿದ್ದೆ, ನೆನಪಿಟ್ಗ," ಎಂದು, ಸೊಸೆಯನ್ನೂ ತಂಗಿ ಎಂದೇ ಕರೆಯುವ ಮಾವ ನನಗೆ ಮಾತು ಕೊಟ್ಟದ್ದು, ನಾನು ಮದುವೆಯಾಗಿ ಸಾಗರಕ್ಕೆ ಬಂದ ಮೊದಲ ಚೌತಿಯಲ್ಲಿ. ಬಪ್ಪ ವರ್ಷ ಎಂದರೆ ಬರುವ ವರ್ಷ. ಅಷ್ಟು ಹವ್ಯಕ ಮಾತು ಆಗಲೇ ನನಗೆ ತಿಳಿಯುತ್ತಿತ್ತು. ತಿಳಿಯದೆ ಮಾನ ಕಳೆದದ್ದು ಬೇರೊಂದು ಪದ.

ಆ ವರ್ಷ ಚೌತಿಗೆ ಮುಂಚೆ ತವರಿಗೆ ಹೋಗಿದ್ದೆ. ಅತ್ತೆ ಫೋನ್ ಮಾಡಿ, "ಶನಿವಾರ ಎಂಗಳ ಮನೆಲಿ ಕಂಬಳ ಇದ್ದು. ಅಷ್ಟ್ರೊಳಗೆ ಬಂದ್ಬಿಡು," ಎಂದರು. ನಾನು ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿಯವಳು. ಆಗುಂಬೆ ಘಾಟಿ ಇಳಿದು ಕರಾವಳಿಯಲ್ಲಿ ಕಂಬಳ ನೋಡಿ ಬಂದವಳು. ಕಂಬಳ ಎಂದರೆ ನನಗೆ ಕೆಸರುಗದ್ದೆ, ಜೋಡಿ ಕೋಣ, ಕಿರುಚಾಟ. ಸಾಗರ ಪೇಟೆಯ ಕೇರಿಯಲ್ಲಿ, ಡ್ರಾಯಿಂಗ್ ಮೇಷ್ಟ್ರಾಗಿದ್ದ ಮಾವನ ಮನೆಯಲ್ಲಿ ಕೋಣ ಎಲ್ಲಿ ಓಡಿಸುತ್ತಾರೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕೆಸರು ಸಿಡಿದರೆ ಹೋಗಲಿ ಎಂದು ಹಳೇ ವಾಯಿಲ್ ಸೀರೆ ಉಟ್ಟೇ ಬಸ್ಸು ಹತ್ತಿದ್ದೆ.

ಮನೆಯ ತುಂಬ ಜನ. ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ ಮುಂದಿನ ಹಾಲಿನಲ್ಲಿ ಸಾಲಾಗಿ ಕೂತಿದ್ದರು. ನಾನು ಒಳಗೆ ಹೋಗಿ ಮೆಲ್ಲಗೆ ಕೇಳಿದೆ, "ಅತ್ತೆ, ಕೋಣ ಎಲ್ಲಿ?"

ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಮುಂದಿನ ಹಾಲ್ ಕಡೆ ಸೌಟು ತೋರಿಸಿ, "ಅಲ್ಲಿ ಸಾಲಾಗಿ ಕೂತ್ಗಂಡಿದ್ದ ನೋಡು. ನಿನ್ನ ಮಾವನೇ ಮೊದ್ಲನೇದು," ಎಂದರು. ಅಡುಗೆಮನೆ ನಕ್ಕದ್ದು ಹಾಲಿಗೆ ಕೇಳಿತು. ಅಲ್ಲಿಂದ ಕೇರಿಗೆ ಕೇಳಿತು.

ನಮ್ಮ ಕೇರಿಯಲ್ಲಿ ಕಂಬಳ ಎಂದರೆ ಕೂಡಿ ಮಾಡುವ ಕೆಲಸ. ಚೌತಿ ಹತ್ತಿರ ಬಂದಂತೆ ಒಂದೊಂದು ಸಂಜೆ ಒಂದೊಂದು ಮನೆ. ಆ ಮನೆಯ ಹೆಂಗಸರು ಅಕ್ಕಿ, ಉದ್ದಿನ ಹಿಟ್ಟು ಕಲಸಿ ನಾದಿ ಕೊಡುತ್ತಾರೆ. ಅಕ್ಕಪಕ್ಕದ ಗಂಡಸರು ಬಂದು, ಒರಳಿಗೆ ಹಾಕಿ ಒತ್ತದೆ, ಬೆರಳಲ್ಲೇ ಹಿಟ್ಟಿನ ಎಳೆ ತಿರುಪಿ, ಮುಳ್ಳು ಬರಿಸಿ, ಬಾಳೆಲೆಯ ಮೇಲೆ ಸುತ್ತು ಸುತ್ತಾಗಿ ಇಳಿಸುತ್ತಾರೆ. ಹೆಂಗಸರು ಕರಿಯುತ್ತಾರೆ. ಚೌತಿಯ ದಿನ ಗಣಪತಿಯ ಮುಂದೆ ಇಡುವ ತಟ್ಟೆಯಲ್ಲಿ, ಸುತ್ತಿದ ಒಬ್ಬೊಬ್ಬರ ಒಂದೊಂದು ಚಕ್ಲಿ ಇರಬೇಕು. ಅದಕ್ಕೆ 'ಕೈ ಇಡುವುದು' ಎನ್ನುತ್ತಾರೆ. ಬಂದವರು ತಟ್ಟೆ ನೋಡಿಯೇ ಹೇಳುತ್ತಾರೆ: ಇದು ಮುಕುಂದಯ್ಯನ ಕೈ, ಇದು ಗಣೇಶಮೂರ್ತಿ ಕೈ. ಮುಕುಂದಯ್ಯ ಎಂದರೆ ನಮ್ಮ ಮಾವ. ಅವರ ಚಕ್ಲಿ ಕಂಪಾಸಿನಲ್ಲಿ ಬರೆದ ಹಾಗೆ.

ಆ ಮೊದಲ ಚೌತಿಯ ದಿನ ಆ ತಟ್ಟೆ ನೋಡುತ್ತ ನಿಂತಿದ್ದೆ. ಮಾವ ಹತ್ತಿರ ಬಂದು ಎಂತ ನೋಡ್ತೆ ಎಂದು ಕೇಳಿದರು. "ನನ್ನ ಕೈ ಇಲ್ವಲ್ಲ ಮಾವಯ್ಯ ಇದ್ರಲ್ಲಿ," ಎಂದೆ. ತಮಾಷೆಗೇ ಅಂದದ್ದು. ಆದರೆ ಅಂದಮೇಲೆ, ಅದು ತಮಾಷೆಯಲ್ಲ ಎಂದು ನನಗೇ ಗೊತ್ತಾಯಿತು. ಈ ಮನೆಗೆ ಸೇರಿದವಳು ಎಂದು ಅನ್ನಿಸಿಕೊಳ್ಳುವುದಕ್ಕೆ ಆ ತಟ್ಟೆಯಲ್ಲಿ ಒಂದು ಸೊಟ್ಟ ಚಕ್ಲಿಯಾದರೂ ಸಾಕಿತ್ತು. ಮಾವನಿಗೂ ಅರ್ಥವಾಗಿರಬೇಕು. ಆಗ ಕೊಟ್ಟದ್ದು ಆ ಮಾತು.

ಮಾವ ಮಾತು ಮರೆಯಲಿಲ್ಲ. ಪ್ರತಿ ಕಂಬಳಕ್ಕೂ ಪಕ್ಕದಲ್ಲಿ ಒಂದು ಮಣೆ ಹಾಕಿ, "ಬಾ ತಂಗೀ, ಕೂತ್ಗ," ಎನ್ನುತ್ತಿದ್ದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಒಳಗಿಂದ ಕೂಗು, "ವಿನಯಾ, ಎಣ್ಣೆ ಕಾದಿದ್ದು!" ಒಂದು ವರ್ಷ ಮಗಳು ತುಂಗಾ ಹೊಟ್ಟೆಯಲ್ಲಿದ್ದಳು, ನೆಲಕ್ಕೆ ಕೂರಲಾಗಲಿಲ್ಲ. ಇನ್ನೊಂದು ವರ್ಷ ಅವಳು ಹಿಟ್ಟಿನ ಪಾತ್ರೆಗೇ ಹತ್ತಿ ಕೂತಳು. ಆಮೇಲೆ ಹೊಸನಗರದಲ್ಲಿ ಲ್ಯಾಬಿನ ಕೆಲಸ ಸಿಕ್ಕಿತು, ದಿನಾ ಬಸ್ಸು. ಮಾವ ಮಣೆ ಎತ್ತಿ ಗೋಡೆಗೆ ಒರಗಿಸುತ್ತ, "ಅಡ್ಡಿಲ್ಲೆ, ಬಪ್ಪ ವರ್ಷ," ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದೊಂದು ಮಾತೇ ಆಗಿಹೋಯಿತು. ಕೆಟ್ಟ ಮಿಕ್ಸಿ ಯಾವಾಗ ರಿಪೇರಿ ಎಂದು ಕೇಳಿದರೆ ನನ್ನ ಗಂಡ ಶ್ರೀರಂಗ, "ಬಪ್ಪ ವರ್ಷ, ಚಕ್ಲಿ ಜೊತಿಗೆ," ಎನ್ನುತ್ತಾರೆ.

ಹೋದ ಚೌತಿಗೇ ಮಾವನ ಬಲಗೈ ನಡುಗಲು ಶುರುವಾಗಿತ್ತು. ಈ ವರ್ಷ ಕಾಫಿ ಲೋಟವೂ ನಿಲ್ಲುವುದಿಲ್ಲ. ಕೇರಿಯಲ್ಲಿ ಕಂಬಳವೂ ಕರಗಿದೆ. ಕೆಲವರು ಅಂಗಡಿಯಿಂದ ತರುತ್ತಾರೆ, ಕೆಲವರಿಗೆ ಒರಳು ಸಾಕು. ಸುತ್ತಲು ಬರುವವರು ಪಕ್ಕದ ಮನೆಯ ಗಣೇಶಮೂರ್ತಿ ಒಬ್ಬರೇ. ಸುಮ್ಮನೆ ಒರಳಲ್ಲೇ ಮಾಡೋಣ ಎಂದು ಅತ್ತೆ ಅಂದಾಗ ಮಾವ ಎದ್ದು ಕೂತರು.

"ತಂಗಿಗೆ ಮಾತು ಕೊಟ್ಟಿದ್ದೆ. ಈ ವರ್ಷ ಕಲಿಸ್ದೆ ಇದ್ರೆ ಮತ್ತೆ ಎನ್ನ ಕೈಲಿ ಆಗ್ತಿಲ್ಲೆ. ಕೈ ಹಿಡ್ದು ತೋರ್ಸಲೆ ಇನ್ನೂ ಬತ್ತು."

ಬಪ್ಪ ವರ್ಷ ಎನ್ನಲಿಲ್ಲ. ಅದನ್ನು ಕೇಳಿ ನಾನು ಅರ್ಧ ದಿನ ರಜೆ ಹಾಕಿದೆ.

ಆ ಮಧ್ಯಾಹ್ನ ಚೀಲ ಹೆಗಲಿಗೆ ಹಾಕಿ ಲ್ಯಾಬಿನಿಂದ ಹೊರಡುವಾಗಲೇ ಜ್ವರದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಳು. ಪ್ಲೇಟ್ಲೆಟ್ ಈಗಲೇ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಜೊತೆಗೆ ಕೆಲಸ ಮಾಡುವ ಬಿಂದು ಊಟಕ್ಕೆ ಹೋಗಿದ್ದಳು. ಚೀಲ ಕೆಳಗಿಟ್ಟೆ. ರಿಪೋರ್ಟ್ ಕೊಟ್ಟು ಹೊರಗೆ ಬರುವಷ್ಟರಲ್ಲಿ ಸಾಗರದ ಬಸ್ಸು ಹೋಗಿತ್ತು. ಮುಂದಿನದು ಊರೂರಿಗೂ ನಿಲ್ಲುವ ಬಸ್ಸು. ದಾರಿಯಲ್ಲಿ ಅತ್ತೆಯ ಫೋನ್ ಬಂತು.

"ಎಲ್ಲಿದ್ದೆ? ಹಿಟ್ಟು ಒಣಗ್ತಾ ಇದ್ದು ಮಾರಾಯ್ತಿ. ಒಣಗಿದ್ರೆ ಎಳೆ ತುಂಡಾಗ್ತು."

"ಶುರು ಮಾಡ್ಬಿಡಿ ಅತ್ತೆ, ನನಗೊಂದಿಷ್ಟು ಒದ್ದೆ ಬಟ್ಟೇಲಿ ಸುತ್ತಿಡಿ. ಬಂದೆ, ಬಂದೇಬಿಟ್ಟೆ."

ಮನೆ ತಲುಪಿದಾಗ ಹಾಲಿನಲ್ಲಿ ಮಾವನ ಪಕ್ಕದ ಮಣೆಯ ಮೇಲೆ ತುಂಗಾ ಕೂತಿದ್ದಳು. ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ. ಮಾವ ನಡುಗುವ ಕೈಯನ್ನು ಅವಳ ಕೈಯ ಮೇಲೆ ಇಟ್ಟಿದ್ದರು. ಅವಳ ಕೈ ಕೆಳಗಿದ್ದದ್ದಕ್ಕೋ ಏನೋ, ನಡುಕ ಕಡಿಮೆಯಾಗಿತ್ತು.

"ಎಳೆಯಡ ಕೂಸೇ, ತಿರುಪು. ಎಳೆದ್ರೆ ಹರೀತು. ತಿರುಪ್ತಾ ಇದ್ರೆ ತಾನಾಗೇ ಬತ್ತು."

"ಮುಳ್ಳು ಬತ್ತಿಲ್ಲೆ ಅಜ್ಜಾ."

"ಅದ್ಕೆ ಬಾಲ ಬಂದಿದ್ದು, ಮುಳ್ಳೆಂತಕ್ಕೆ," ಎಂದರು ಎದುರು ಕೂತ ಗಣೇಶಮೂರ್ತಿ. "ಗಣಪತಿಗೆ ಇಲಿ ಮಾಡಿದ್ದೆ ಅಂತ ಹೇಳು."

"ನಿಂಗ್ಳ ಚಕ್ಲಿ ನೋಡಿದ್ರೆ ಇಲಿನೂ ಮೂಸ್ತಿಲ್ಲೆ ದೊಡ್ಡಪ್ಪಾ," ಎಂದಳು ತುಂಗಾ, ತಲೆ ಎತ್ತದೆ. ಅಷ್ಟರಲ್ಲಿ ಅವಳ ಬೆರಳಿನಿಂದ ಒಂದು ಎಳೆ ಮುಳ್ಳುಮುಳ್ಳಾಗಿ ಇಳಿಯತೊಡಗಿತು. ಒಂದು ಸುತ್ತು ಮುಗಿದು ಎರಡನೆಯದಕ್ಕೆ ತಿರುಗಿತು.

ಮಾವ ನನ್ನನ್ನು ಆಗ ನೋಡಿದರು. "ಬಂದ್ಯಾ? ಬಾ, ಕೂತ್ಗ. ನಿನ್ನ ಪಾಲು ಇದ್ದು," ಎಂದರು. ಬಾಳೆಲೆಯ ಪಕ್ಕ ಒದ್ದೆ ಬಟ್ಟೆಯಲ್ಲಿ ನಿಂಬೆಗಾತ್ರದ ಹಿಟ್ಟು ಉಳಿದಿತ್ತು. ಪಾತ್ರೆ ಖಾಲಿ. ಮಾವನ ಹಣೆಯ ಮೇಲೆ ಬೆವರು ಇತ್ತು, ಎಡಗೈಯಿಂದ ಬಲ ಮಣಿಕಟ್ಟು ಒತ್ತಿ ಹಿಡಿದಿದ್ದರು. ಇನ್ನೊಬ್ಬರಿಗೆ ಹಿಡಿದು ತೋರಿಸುವಷ್ಟು ಶಕ್ತಿ ಆ ಕೈಯಲ್ಲಿ ಉಳಿದಿತ್ತೋ ಇಲ್ಲವೋ. ತುಂಗಾಳ ಕೈಯಲ್ಲಿದ್ದ ಹಿಟ್ಟು ಎರಡನೇ ಸುತ್ತಿನ ಮಧ್ಯದಲ್ಲೇ ಮುಗಿಯುತ್ತ ಬಂದಿತ್ತು.

"ಅಮ್ಮಾ, ಸಾಲ್ತಿಲ್ಲೆ," ಎಂದಳು. ಅವಳು ನನಗೆ ಮಣೆ ಬಿಟ್ಟು ಎದ್ದರೆ ಆ ಎಳೆ ತುಂಡಾಗುತ್ತಿತ್ತು.

ಒಳಗಿಂದ ಅತ್ತೆ ಕೂಗಿದರು, "ವಿನಯಾ ಬಂತಾ? ಎಣ್ಣೆ ಕಾದಿದ್ದು!"

ನಾನು ಬಗ್ಗಿ ಆ ಹಿಟ್ಟನ್ನು ತುಂಗಾಳ ಎಡಗೈಗೆ ಕೊಟ್ಟೆ. "ನಡೀಲಿ ಮಾವಯ್ಯ," ಎಂದೆ. "ಎಣ್ಣೆ ಕಾದಿದೆ."

ಮಾವ ಮತ್ತೆ ತುಂಗಾಳ ಕೈಯ ಮೇಲೆ ಕೈ ಇಟ್ಟರು. ಈ ಸಲವೂ ಬಪ್ಪ ವರ್ಷ ಎನ್ನಲಿಲ್ಲ. ಮಗಳೇ ಹೇಳಿದಳು, ಎಳೆಯ ಮೇಲಿಂದ ಕಣ್ಣು ತೆಗೆಯದೆ, "ಅಮ್ಮಾ, ಬಪ್ಪ ವರ್ಷ ಆನು ಕಲಿಸ್ತೆ ನಿಂಗೆ." ಗಣೇಶಮೂರ್ತಿ ಬಿದ್ದು ಬಿದ್ದು ನಕ್ಕರು.

ಅವಳ ಚಕ್ಲಿಯನ್ನು ನಾನೇ ಕರಿದೆ. ಎಲೆಯಿಂದ ಜಾರಿಸುವಾಗ ಕೊನೆಯ ಸುತ್ತು ಬಿಚ್ಚಿಕೊಳ್ಳದಂತೆ ಜಾಲರಿ ಹಿಡಿದು ಕಾದೆ. ಅದು ಕೆಂಪಾಗುವವರೆಗೆ ಅತ್ತೆಯೂ ಪಕ್ಕದಲ್ಲಿ ನಿಂತಿದ್ದರು. ಆಮೇಲೆ, ಯಾರಿಗೂ ಕೇಳದ ಹಾಗೆ, "ಕರಿದವ್ರ ಕೈ ಯಾರಿಗೂ ಕಾಣ್ತಿಲ್ಲೆ ನೋಡು," ಎಂದರು. ಇಷ್ಟು ವರ್ಷಗಳಲ್ಲಿ ಅವರ ಚಕ್ಲಿಯೂ ಆ ತಟ್ಟೆಯಲ್ಲಿ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಚೌತಿಯ ದಿನ ಗಣಪತಿಯ ಮುಂದಿನ ತಟ್ಟೆಯಲ್ಲಿ ಎರಡೇ ಕೈ ಇದ್ದವು. ಒಂದು ಗಣೇಶಮೂರ್ತಿಯದು, ಇನ್ನೊಂದು ತುಂಗಾಳದು. ಒಂದು ಬದಿ ಮುಳ್ಳು, ಒಂದು ಬದಿ ಬೋಳು. ನೋಡಲು ಬಂದವರು ಇದ್ಯಾರ ಕೈ ಎಂದು ಕೇಳುತ್ತಿದ್ದರು, ಮಾವ ಹೇಳುತ್ತಿದ್ದರು.

ಮಾವ ನನಗೆ ಕೊಟ್ಟ ಮಾತು ನಡೆಯಲಿಲ್ಲ. ಕೈಚಕ್ಲಿ ನನಗೆ ಬರುವುದಿಲ್ಲ.