ಮಿಸೆಸ್ ಕೋಲ್ಸ್ ಆದ ಮೇಲೆ

ಟಾರ್ಚಿನ ಬೆಳಕು ಚಿತ್ರದ ಬೆನ್ನಿನ ಮೇಲೆ ಹರಿದಾಡುತ್ತಿದೆ, ತುಕ್ಕು ಹಿಡಿದ ಮೊಳೆ, ಹಳದಿಯಾದ ಚೀಟಿ — ನಲವತ್ತು ವರ್ಷ ಎದುರಿನಿಂದಲೇ ನೋಡಿದ್ದಾಯಿತು, ಇದಕ್ಕೊಂದು ಬೆನ್ನಿದೆ ಎಂಬುದೇ ವಾಸಂತಿಗೆ ಮರೆತಿತ್ತು, ಮುಂದೆ ಹಡ್ಸನ್ ನದಿ, ಸಂಜೆಯ ಜೇನುಬಣ್ಣ, ಬೆಟ್ಟದಡಿ ಒಂದು ದೋಣಿ, ಹಿಂದೆ ಬರೀ ಧೂಳು ಮತ್ತು ಹೆಸರುಗಳು, ಸುರಭಿ ಡೈನಿಂಗ್ ಟೇಬಲ್ಲಿನ ಮೇಲೆ ಬಗ್ಗಿ ಓದುತ್ತಿದ್ದಾಳೆ, ಗೆಳತಿ ಸುಜಾತಾಳ ಮಗಳು, ಇಲ್ಲೇ ಟೊರಾಂಟೊ ಪಕ್ಕದ ಎರಿನ್ ಮಿಲ್ಸ್‌ನಲ್ಲಿ ಹುಟ್ಟಿದವಳು, ಹಳೆಯ ಚಿತ್ರಗಳು ಯಾರಿಂದ ಯಾರ ಕೈಗೆ ಬಂದವೆಂದು ಹುಡುಕುವುದೇ ಅವಳ ಕೆಲಸ, ಇದನ್ನು ಗ್ಯಾಲರಿಗೆ ದಾನ ಕೊಡಬೇಕೆಂದರೂ ಈ ವಂಶಾವಳಿ ಬೇಕಂತೆ, ಆಂಟಿ, ೧೮೬೧ರಲ್ಲಿ ಆಲ್ಬನಿಯ ಕಬ್ಬಿಣದ ವ್ಯಾಪಾರಿ ತಗೊಂಡಿದ್ದು, ಅವನ ಮಗಳು ಮದುವೆಯಾಗಿ ಕೆನಡಾಕ್ಕೆ ತಂದಿದ್ದು, ಅವಳ ಮೊಮ್ಮಗಳು ವಿಟ್ಬಿಯ ಮಿಸೆಸ್ ಕೋಲ್ಸ್, ಇಷ್ಟು ಕ್ಲಿಯರ್, ಅವರಾದ್ಮೇಲೆ ನೀವು, ಗಿಫ್ಟ್ ಅಂತ ಬರೀಲಾ?

ಹೂಂ ಎಂದರೆ ಮುಗಿಯಿತು, ವಾಸಂತಿ ಎದ್ದಳು, ನಲ್ಲಿ ತಿರುಗಿಸಿದಳು, ನೀರು ಕುಡಿಯದೆ ಬಂದು ಕೂತಳು — ವಿಟ್ಬಿಯಲ್ಲಿದ್ದಾಗ ಪಕ್ಕದ ಮನೆಯ ಮಿಸೆಸ್ ಕೋಲ್ಸ್, ಧಾರವಾಡದಿಂದ ಬಂದ ಹೊಸ ಡಾಕ್ಟರ್ ವಾಸಂತಿಗೆ ಐಸಿನ ಮೇಲೆ ನಡೆಯಲು ಕಲಿಸಿದವಳು, ನರ್ಸಿಂಗ್ ಹೋಮಿಗೆ ಹೊರಟ ದಿನ ಇದು ನಿನ್ನ ಹತ್ತಿರ ಇರಲಿ, ನನ್ನ ಮಗ ವಾಲ್ಟರ್ ಬಂದರೆ ಅವನಿಗೆ ಕೊಡು ಅಂದವಳು, ಹನ್ನೊಂದು ತಿಂಗಳು ಪ್ರತಿ ಭಾನುವಾರ ವಾಸಂತಿಯೇ ಹೋದಳು, ಉಗುರು ಕತ್ತರಿಸಿದಳು, ಒಣಗಿದ ತುಟಿ ಒದ್ದೆ ಮಾಡಿದಳು, ಹೆತ್ತ ಮಗ ಮಾತ್ರ ಇಲ್ಲ, ಮಣ್ಣಿಗೂ ಬರಲಿಲ್ಲ, ಮೂರು ತಿಂಗಳು ಕಳೆದು ಫೆಬ್ರವರಿಯಲ್ಲಿ ಬಾಗಿಲಿಗೆ ಬಂದು ನಿಂತ, ತಾಯಿ ಹೇಗೆ ಸತ್ತಳೆಂದು ಕೇಳಲಿಲ್ಲ, ಚಿತ್ರ ಕೇಳಿದ, ಮೈಯೆಲ್ಲ ಉರಿಯಿತು, ನನಗೆ ಗೊತ್ತಿಲ್ಲ, ಮಾರಿರಬೇಕು ಅಂದುಬಿಟ್ಟಳು, ಬಾಗಿಲ ಮರೆಯ ಗೋಡೆಯಲ್ಲೇ ಇತ್ತು, ಅವನು ತಲೆ ಒಳಗೆ ಹಾಕಿದ್ದರೆ ಕಾಣುತ್ತಿತ್ತು, ಹಾಕಲಿಲ್ಲ, ಟ್ಯಾಕ್ಸಿಗೊಂದು ಫೋನ್ ಮಾಡಿಕೊಡ್ತೀರಾ ಅಂದ, ಮಾಡಿಕೊಟ್ಟಳು, ಬಾಗಿಲು ಹಾಕಿದಳು — ಮಾಡಿದ್ದು ಸರಿ, ಯಾರು ನೋಡಿಕೊಂಡರೋ ಅವರದು, ನಲವತ್ತು ವರ್ಷ ಹೀಗೇ ಹೇಳಿಕೊಂಡಳಲ್ಲ, ಪ್ರತಿ ಸಲ ಯಾರಾದರೂ ಬೆಲ್ ಒತ್ತಿದಾಗ ಎದೆ ಯಾಕೆ ಧಸಕ್ಕೆನ್ನುತ್ತಿತ್ತು ಹಾಗಾದರೆ.

ಆಂಟಿ, ಒಂದು ಲೆಟರ್ ಸಿಕ್ಕಿದೆ, ಸೋ ಸ್ಯಾಡ್, ಸುರಭಿ ಫೋನ್ ನೋಡುತ್ತ ಹೇಳುತ್ತಿದ್ದಾಳೆ, ಎಯ್ಟಿಫೋರಲ್ಲಿ ಅವರ ಮಗ ಟೊರಾಂಟೊ ಡೀಲರ್‌ಗಳಿಗೆಲ್ಲ ಬರ್ದಿದ್ರಂತೆ, ಈ ಪೇಂಟಿಂಗ್ ಯಾರಾದ್ರೂ ನೋಡಿದೀರಾ ಅಂತ, ಅಮ್ಮ ಹೋದಾಗ ಅವರು ವ್ಯಾಂಕೂವರ್ ಹಾಸ್ಪಿಟಲ್‌ನಲ್ಲಿದ್ರು, ಮಿಲ್ ಫೈರು, ಎರಡೂ ಕೈ ಸುಟ್ಟು ವರ್ಷಗಟ್ಟಲೆ ಸರ್ಜರಿ, ಅಮ್ಮನಿಗೆ ಹೇಳಬೇಡಿ ಅಂದಿದ್ರಂತೆ, ಈಗ ಅವರೂ ಇಲ್ಲ, ಮಗಳು ಹ್ಯಾಮಿಲ್ಟನ್ನಲ್ಲಿ ಇದಾರೆ ಅನ್ಸತ್ತೆ, ಸೋ, ಗಿಫ್ಟ್ ಅಲ್ವಾ?

ಗಿಫ್ಟ್ ಅಲ್ಲ ಸುರಭಿ — ದನಿ ತನ್ನದೇ, ಆದರೆ ಎಲ್ಲಿಂದಲೋ ಬರುತ್ತಿದೆ — ಇಟ್ಕೊಂಡಿರು ಅಂತ ಕೊಟ್ಟಿದ್ರು, ಮಗ ಕೇಳ್ಲಿಕ್ಕೆ ಬಂದಾಗ ಇಲ್ಲ ಅಂದೆ, ಹಂಗ ಬರಿ, ಆ ಹುಡುಗಿ ನಂಬರ್ ಹುಡುಕಿಕೊಡು, ನಾನ ಮಾತಾಡ್ತೀನಿ, ಆರ್ ಯೂ ಶೂರ್ ಆಂಟಿ, ಸುರಭಿಯ ಪೆನ್ನು ಗಾಳಿಯಲ್ಲೇ ನಿಂತಿದೆ, ಬರಿ ಅಂದೆನಲ್ಲ, ವಾಲ್ಟರನ ಮಗಳಿಗೆ ಏನು ಹೇಳುವುದು, ನಿಮ್ಮಪ್ಪನನ್ನು ಒಂದೇ ಸಲ ನೋಡಿದ್ದೆ ಎನ್ನುವುದೇ, ಪರದೆಯ ಸಂದಿಯಿಂದ ನೋಡಿದ್ದೆ ಎನ್ನುವುದೇ, ಟ್ಯಾಕ್ಸಿಗೆ ಕಾಯುತ್ತ ಅವನು ಸುಮ್ಮನೆ ನಿಂತಿರಲಿಲ್ಲ, ಅವಳ ಮೆಟ್ಟಿಲುಗಳ ಮೇಲಿನ ಹಿಮವನ್ನು ಬೂಟಿನಿಂದ ಪಕ್ಕಕ್ಕೆ ತಳ್ಳುತ್ತಿದ್ದ, ಒಂದು ಮೆಟ್ಟಿಲು, ಮತ್ತೊಂದು ಮೆಟ್ಟಿಲು, ಮತ್ತೊಂದು, ಕೈ ಎರಡೂ ಕೋಟಿನ ಜೇಬಿನಲ್ಲೇ