ಐಸಿನಲ್ಲಿಟ್ಟ ಆರು ಟ್ಯೂಬು

ಬಯೋಕೆಮಿಸ್ಟ್ರಿ ಓದುತ್ತೇನೆಂದ ದಿನದಿಂದ ಸೋದರಮಾವ ನನ್ನ ತಲೆ ತಿನ್ನುತ್ತಿದ್ದ. ಬಸ್ಸು ಓಡಿಸುವವನು, ದಾರಿ ಎಲ್ಲಿ ಮುಟ್ಟುತ್ತದೆಂದು ಅವನಿಗೆ ಹೊರಡುವ ಮೊದಲೇ ಗೊತ್ತಿರಬೇಕು.

"ಡಾಕ್ಟರೂ ಅಲ್ಲ, ಇಂಜಿನಿಯರೂ ಅಲ್ಲ. ಕೊನೆಗೆ ಏನಾಗ್ತೀಯಮ್ಮ? ಪುಸ್ತಕದ ಬದನೆಕಾಯಿ ಅಡುಗೆಗೆ ಬರಲ್ಲ."

ನನ್ನ ಜೊತೆ ಓದಿದವರಲ್ಲಿ ಒಬ್ಬಳು ಔಷಧಿ ಕಾರ್ಖಾನೆ ಸೇರಿದಳು, ಒಬ್ಬ ಬ್ರೆಡ್ ಕಂಪನಿಯಲ್ಲಿ ಯೀಸ್ಟ್ ನೋಡಿಕೊಳ್ಳುತ್ತಾನೆ, ಇನ್ನೊಬ್ಬಳು ಪಿಎಚ್‌ಡಿಗೆ ಹೋದಳು. ನನಗೆ ಬೇಕಿದ್ದದ್ದು ಆಸ್ಪತ್ರೆಯ ಲ್ಯಾಬು. ಏಳು ಅರ್ಜಿಗಳಿಗೆ ಉತ್ತರವೇ ಇಲ್ಲ. ಎಂಟನೆಯ ಕಡೆಯವರು, ಒಂದು ವಾರ ಕೆಲಸ ಮಾಡಿ ತೋರಿಸಿ, ಆಮೇಲೆ ನೋಡೋಣ ಎಂದರು.

ಕೊನೆಯ ದಿನ ಬೆಳಿಗ್ಗೆ ರಕ್ತವನ್ನು ಗಿರಗಿರ ತಿರುಗಿಸಿ ಕಣ ಬೇರೆ ಮಾಡುವ ಯಂತ್ರ ಕೆಟ್ಟಿತು. ರಿಪೇರಿಗೆ ಮೂರು ಗಂಟೆ. ನನ್ನ ಪಾಲಿನ ಆರು ಟ್ಯೂಬುಗಳನ್ನು ಐಸಿನಲ್ಲಿ ಹೂತಿಟ್ಟೆ. ಯೂನಿವರ್ಸಿಟಿಯಲ್ಲಿ ಐದು ವರ್ಷ, ಕಿಣ್ವ ಹಾಳಾಗದಿರಲಿ ಎಂದು ಕಂಡದ್ದನ್ನೆಲ್ಲ ಐಸಿಗಿಟ್ಟ ಕೈ ಇದು. ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ನೋಡಿದರೆ ಆರೂ ಜನರ ಪೊಟ್ಯಾಸಿಯಂ ಏರಿ ಕೂತಿದೆ. ಒಬ್ಬರಿಗಾದರೆ ಕಾಯಿಲೆ, ಆರೂ ಜನರಿಗೆಂದರೆ? ಆಗ ಹೊಳೆಯಿತು. ಪೊಟ್ಯಾಸಿಯಮ್ಮನ್ನು ಜೀವಕೋಶದೊಳಗೆ ತಳ್ಳುವ ಪಂಪು ಚಳಿಗೆ ನಿಂತುಬಿಡುತ್ತದೆ, ಒಳಗಿದ್ದದ್ದು ಹೊರಗೆ ಸೋರುತ್ತದೆ. ಇದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತೆಗೆದಿದ್ದೆ. ಮಾವನ ಬದನೆಕಾಯಿ ಕಣ್ಣ ಮುಂದೆ ಬಂತು.

ಯಾರೂ ನೋಡಿರಲಿಲ್ಲ. ತಪ್ಪನ್ನು ಕೆಟ್ಟ ಯಂತ್ರದ ಮೇಲೆ ಹಾಕಿದ್ದರೆ ನಡೆದುಹೋಗುತ್ತಿತ್ತು, ಹಾಕೋಣವೆಂದೂ ಅನಿಸಿತು. ಆದರೆ ನಾಳೆ ಇನ್ಯಾರೋ ಹೀಗೇ ಐಸಿಗಿಟ್ಟರೆ? ಲ್ಯಾಬಿನ ಮುಖ್ಯಸ್ಥೆಯ ಬಳಿ ಓಡಿದೆ.

"ಮೇಡಂ, ಈ ಆರು ರಿಪೋರ್ಟು ಕಳಿಸ್ಬೇಡಿ. ರಕ್ತನ ಐಸಲ್ಲಿಟ್ಟಿದ್ದೆ. ತಪ್ಪು ನಂದೇ."

ಅವರು ಕನ್ನಡಕ ಹಣೆಗೇರಿಸಿದರು. "ಮತ್ತೆ ರಕ್ತ ತೆಗೀಬೇಕು ಅಂತ ಆರೂ ಜನಕ್ಕೆ ನೀನೇ ಹೋಗಿ ಹೇಳು."

ಹೇಳಿದೆ. ಒಬ್ಬ ಅಜ್ಜಿ, "ನನ್ನ ಮೈಯಲ್ಲಿ ಇರೋದೇ ಒಂದು ಲೋಟ, ಅದನ್ನೂ ಐಸಿಗೆ ಹಾಕಿದ್ಯಾ?" ಎಂದು ಬೈದೇ ಕೈ ಚಾಚಿದಳು. ಹೊಸ ರಕ್ತದಲ್ಲಿ ಎಲ್ಲರದ್ದೂ ಸರಿಯಿತ್ತು. ನನ್ನ ಕಥೆ ಮಾತ್ರ ಮುಗಿಯಿತೆಂದು ಬಿಳಿ ಕೋಟು ಬಿಚ್ಚಿ ಮಡಚಿದೆ.

ಮೇಡಂ ನನ್ನನ್ನು ಫ್ರಿಜ್ಜಿನ ಪಕ್ಕದ ಗೋಡೆಗೆ ಕರೆದೊಯ್ದರು. ಅಲ್ಲಿ ಲ್ಯಾಬಿನ ನಿಯಮಗಳ ಪಟ್ಟಿ, ಪ್ರತಿ ನಿಯಮದ ಕೆಳಗೂ ಒಂದು ಹೆಸರು. ನಿಯಮ ಮಾಡಿದವರ ಹೆಸರೆಂದು ವಾರವಿಡೀ ಅಂದುಕೊಂಡಿದ್ದೆ.

"ಅಲ್ಲ, ಆ ತಪ್ಪು ಮಾಡಿದೋರದ್ದು."

ಮೊದಲನೆಯದು: 'ರೋಗಿಯ ಎದುರಲ್ಲೇ ಟ್ಯೂಬಿಗೆ ಚೀಟಿ ಅಂಟಿಸಿ.' ಕೆಳಗೆ ಮೇಡಂ ಹೆಸರು.

ಪೆನ್ನು ಕೊಟ್ಟರು. ಹದಿನಾಲ್ಕನೆಯ ನಿಯಮ ಬರೆದೆ: 'ತಿರುಗಿಸದ ರಕ್ತವನ್ನು ಐಸಿನಲ್ಲಿಡಬೇಡಿ.' ಬರೆದು ಪೆನ್ನು ವಾಪಸ್ಸು ಚಾಚಿದೆ.

"ಹೆಸರು ಯಾರು ಹಾಕ್ತಾರೆ?"

"ಮೇಡಂ, ಇಲ್ಲಿರೋದೆಲ್ಲ ಕೆಲಸಕ್ಕೆ ಸೇರಿದೋರ ಹೆಸರು..."

"ಗೊತ್ತು. ಹಾಕು. ಸೋಮವಾರ ಎಂಟು ಗಂಟೆಗೆ ಬಾ."

ಗೋಡೆಗೆ ಮುಖ ಮಾಡಿಕೊಂಡೇ ಅತ್ತೆ. ಅಷ್ಟು ದಪ್ಪ ಅಕ್ಷರದಲ್ಲಿ ನನ್ನ ಹೆಸರನ್ನು ನಾನು ಎಂದೂ ಬರೆದಿರಲಿಲ್ಲ.